ಮರಗಸಿ ಗುತ್ತಿಗೆದಾರರೂ ಅಪಘಾತ ವಿಮೆಯೂ

ಚಿಕ್ಕಮಗಳೂರು, ಕೊಡಗು, ಸಕಲೇಶಪುರ ಸೀಮೆಗಳ ಕಾಫಿ ತೋಟಗಳಲ್ಲಿ ನೆರಳಿನ ಮರಗಳ ಕೊಂಬೆಗಳನ್ನು ಸವರಿ ಬೆಳಕನ್ನು ಹದಗೊಳಿಸುವ ಮರಗಸಿಯು ಎಷ್ಟು ಅವಶ್ಯವೋ ಅಷ್ಟೇ ಅಪಾಯಕರವಾದ ಕೆಲಸವೆಂಬುದನ್ನು ತೋಟದ ಯಜಮಾನರಿಗೆ ವಿವರಿಸಬೇಕಾದುದಿಲ್ಲ. ಹಿಂದೆ ತೋಟದ ಲೈನುಗಳಲ್ಲಿ ವಾಸವಾಗಿದ್ದ ಆಳುಗಳೇ ಇದನ್ನು ಮಾಡುತ್ತಿದ್ದರು. ಈಗ ಮರ ಹತ್ತಬಲ್ಲವರು ವಿರಳರಾಗಿರುವುದರಿಂದ, ಕೆಲಸ ಬಲ್ಲ ತರುಣರು ಕೂಲಿಯನ್ನು ಬಿಟ್ಟು, ಹಗ್ಗ, ಏಣಿ, ಯಂತ್ರದ ಗರಗಸಗಳನ್ನು ತಾವೇ ಕೊಂಡು, ಮರಕ್ಕೆ ಇಷ್ಟೆಂದು ಗುತ್ತಿಗೆ ಹಿಡಿದು ತೋಟದಿಂದ ತೋಟಕ್ಕೆ ಹೋಗುತ್ತಾರೆ. ಇದರಿಂದ ಸಂಪಾದನೆ ಹೆಚ್ಚುವುದು ನಿಜ. ಆದರೆ ಕೂಲಿಯವನಾಗಿದ್ದಾಗ ಯಜಮಾನನ ಮೇಲಿದ್ದ ಹೊಣೆಯು, ಸ್ವಂತ ಗುತ್ತಿಗೆ ಹಿಡಿದಂದಿನಿಂದ ಬಹುಮಟ್ಟಿಗೆ ಅವನ ತಲೆಯ ಮೇಲೆಯೇ ಬರುವುದೆಂಬುದನ್ನು ತಿಳಿದವರು ಕಡಮೆ.

ಕೂಲಿಗಾರರ ಪರಿಹಾರವನ್ನು ಕುರಿತ 1923ರ ಕಾಯಿದೆಯ ಅನುಬಂಧದಲ್ಲಿ ಮರ ಕಡಿಯುವವರನ್ನು ಹೆಸರಿಸಿಯೇ ಸೇರಿಸಲಾಗಿತ್ತು. ಅದರ ಸ್ಥಾನದಲ್ಲಿ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಿದೆ. ಆದರೆ ಇಂತಹ ಪರಿಹಾರವು ಯಜಮಾನನ ಕೈಕೆಳಗಿನ ನೌಕರನಿಗೆ ಸಲ್ಲತಕ್ಕದ್ದೇ ಹೊರತು ತನಗೆ ತಾನೇ ಯಜಮಾನನಾದವನಿಗಲ್ಲ. ಅಷ್ಟೇ ಅಲ್ಲ, ಕೊಂಬೆ ಎಳೆಯಲು ಇಬ್ಬರನ್ನು ಕೂಲಿಗೆ ಕರೆತಂದರೆ ಅವರ ಮಟ್ಟಿಗೆ ಇವನೇ ಯಜಮಾನನಾಗುವನು.

ಬ್ಯಾಂಕಿನ ಮೂಲಕ ದೊರೆಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯು ಬಹಳ ಅಗ್ಗವಾದುದು. 2015ರಲ್ಲಿ 12 ರೂಪಾಯಿಯಿದ್ದ ವಾರ್ಷಿಕ ಕಂತು 2022ನೆಯ ಜೂನ್ 1ರಿಂದ 20 ರೂಪಾಯಿಯಾಗಿದೆ. 18ರಿಂದ 70 ವರ್ಷದೊಳಗಿನವರು ಇದಕ್ಕೆ ಸೇರಬಹುದು. ಅಪಘಾತದಿಂದ ಮರಣವುಂಟಾದರೆ, ಅಥವಾ ಎರಡು ಕೈಗಳಾಗಲಿ ಕಾಲುಗಳಾಗಲಿ ಶಾಶ್ವತವಾಗಿ ನಿರುಪಯುಕ್ತವಾದರೆ 2 ಲಕ್ಷ ರೂಪಾಯಿಗಳು. ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ. ಪ್ರತಿಯೊಬ್ಬನೂ ಇದನ್ನು ಮಾಡಿಸತಕ್ಕದ್ದು. ಆದರೆ ತೊಡೆಯ ಮೂಳೆ ಮುರಿದು ನಾಲ್ಕು ತಿಂಗಳು ಮಲಗಿ, ಆಮೇಲೆ ಎದ್ದು ನಡೆದಾಡುವವನಿಗೆ ಇದರಿಂದ ಒಂದು ಕಾಸೂ ಬಾರದು. ಮತ್ತೊಂದು ಸಂಗತಿಯುಂಟು. ಈ ಕಂತು ಮೇ ತಿಂಗಳ ಕೊನೆಯಲ್ಲಿ ಖಾತೆಯಿಂದ ತಾನಾಗಿ ವಜಾ ಆಗುವುದು. ಆಗ ಖಾತೆಯು ಬರಿದಾಗಿದ್ದರೆ ವಿಮೆಯೂ ನಿಂತುಹೋಗುವುದು. ಮುಂಗಾರಿನ ಮುಂಚಿನ ಮರಗಸಿಯು ಭರದಿಂದ ಸಾಗುವ ಕಾಲವೂ ಅದೇ.

ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆಯಿದೆ; ಸಿಲ್ವರ್ ಓಕ್, ಹಾಲುವಾಣಗಳನ್ನು ಸವರುವವನು ಅದನ್ನು ನೆಚ್ಚಿ ಕೂರಲಾಗದು.

ಮಲಗಿದ ದಿನಗಳ ಅನ್ನಕ್ಕೆ ದಾರಿಯಾಗುವುದು ವಿಮಾ ಕಂಪೆನಿಗಳ ವೈಯಕ್ತಿಕ ಅಪಘಾತ ವಿಮೆ. ಇದರಲ್ಲಿಯೂ ಮರಣಕ್ಕೆ ಮಾತ್ರ ಹಣ ಕೊಡುವ ವಿಮಾಪತ್ರಗಳುಂಟು. ಅವು ಅಗ್ಗವೆಂದು ಮರುಳಾಗಬಾರದು. ತಾತ್ಕಾಲಿಕ ಅಶಕ್ತತೆಗೆ ವಾರವಾರವೂ ಹಣ ಬರುವ ಷರತ್ತು ಇದೆಯೇ ಎಂದು ಕೇಳತಕ್ಕದ್ದು. ಅನೇಕ ವಿಮಾಪತ್ರಗಳಲ್ಲಿ ಇದು ವಿಮೆಯ ಮೊತ್ತದ ಶೇಕಡಾ 1ರಂತೆ, ಗೊತ್ತಾದ ಒಂದು ಮಿತಿಗೆ ಒಳಪಟ್ಟು, 100 ವಾರಗಳಿಗೆ ಮೀರದಂತೆ ಇರುತ್ತದೆ. 5 ಲಕ್ಷದ ವಿಮೆಗೆ ವಾರಕ್ಕೆ 5,000 ರೂಪಾಯಿಯಾದರೆ 12 ವಾರಗಳಿಗೆ 60,000. ದಿನಕ್ಕೆ 1,200ರಂತೆ ತಿಂಗಳಿಗೆ 22 ದಿನ ದುಡಿಯುವವನು ಮೂರು ತಿಂಗಳಲ್ಲಿ ಕಳೆದುಕೊಳ್ಳುವುದು 79,200. ಪೂರ್ತಿ ತುಂಬದಿದ್ದರೂ ಸಾಲಗಾರನ ಬಾಗಿಲಿಗೆ ಹೋಗುವುದು ತಪ್ಪೀತು.

ಅರ್ಜಿಯಲ್ಲಿ ವೃತ್ತಿಯನ್ನು ಮುಚ್ಚಿಡಬಾರದು. ಕಂತು ಕಡಮೆಯಾಗಲೆಂದು "ವ್ಯವಸಾಯ" ಎಂದು ಬರೆಯಿಸಿ ಮೂವತ್ತಡಿ ಮರದಿಂದ ಬಿದ್ದವನ ಹಕ್ಕನ್ನು ಕಂಪೆನಿಯು ತಳ್ಳಿಹಾಕಲು ಅವಕಾಶವಾಗುವುದು. "ಎತ್ತರದಲ್ಲಿ ಮರದ ಕೊಂಬೆ ಸವರುವುದು, ಯಂತ್ರದ ಗರಗಸದ ಬಳಕೆ" ಎಂದು ಸ್ಪಷ್ಟವಾಗಿ ಬರೆಯಿಸತಕ್ಕದ್ದು. ಕುಡಿದ ಅಮಲಿನಲ್ಲಿ ಆದ ಅಪಘಾತಕ್ಕೆ ಇಂತಹ ವಿಮೆಗಳಲ್ಲಿ ಸಾಮಾನ್ಯವಾಗಿ ಹಣವಿಲ್ಲ. ಚಳಿಗೆಂದು ಬೆಳಿಗ್ಗೆಯೇ ಒಂದು ಗುಟುಕು ಹಾಕುವ ರೂಢಿಯವರಿಗೆ ಇದನ್ನು ಊರಿನ ಮುಖಂಡರೇ ತಿಳಿಸುವುದು ಮೇಲು.

ಕೊಂಬೆಯು ನೆರೆಯವನ ಹೆಂಚಿನ ಮಾಡಿನ ಮೇಲೋ ದಾರಿಹೋಕನ ಮೇಲೋ ಬಿದ್ದರೆ ಆಗುವ ನಷ್ಟಕ್ಕೆ ಮೇಲಿನ ಯಾವ ವಿಮೆಯೂ ಒದಗದು; ಅದಕ್ಕೆ ಸಾರ್ವಜನಿಕ ಹೊಣೆಯ ವಿಮೆಯೆಂಬುದು ಬೇರೆಯೇ ಇದೆ. ತೋಟದೊಳಗೆ ಮಾತ್ರ ಕೆಲಸ ಮಾಡುವವನು ಇದನ್ನು ಆಮೇಲೆ ನೋಡಿಕೊಳ್ಳಬಹುದು. ರಸ್ತೆಯ ಅಂಚಿನ, ಮನೆಗಳ ನಡುವಣ ಮರಗಳನ್ನು ಒಪ್ಪಿಕೊಳ್ಳುವವನು ಮೊದಲೇ ಮಾಡಿಸತಕ್ಕದ್ದು. ವಿದ್ಯುತ್ ತಂತಿಯ ಹತ್ತಿರ ಅಲ್ಯೂಮಿನಿಯಂ ಏಣಿಯನ್ನು ಎತ್ತುವುದಕ್ಕೆ ಮಾತ್ರ ಯಾವ ವಿಮೆಯೂ ಧೈರ್ಯ ಕೊಡಲಾರದು.

ಜಮೀನುದಾರರಿಂದ ಆಗಬೇಕಾದ ಸಹಾಯವೂ ಒಂದುಂಟು. ವಿಮೆಯ ಮೊತ್ತವನ್ನು ನಿಶ್ಚಯಿಸುವಾಗ ಕಂಪೆನಿಗಳು ಆದಾಯದ ಪುರಾವೆಯನ್ನು ಕೇಳುವುದುಂಟು. ಕೈಗೆ ನಗದು ಪಡೆಯುವವನಲ್ಲಿ ಅದು ಎಲ್ಲಿಂದ ಬರಬೇಕು? ಆದುದರಿಂದ ಗುತ್ತಿಗೆಯ ಹಣವನ್ನು ಬ್ಯಾಂಕಿನ ಮೂಲಕ ಸಲ್ಲಿಸಿ, ಕೆಲಸದ ವಿವರವನ್ನೂ ತಾರೀಖನ್ನೂ ಬರೆದ ಒಂದು ಚೀಟಿಯನ್ನು ಕೊಡುವುದು ಯೋಗ್ಯವು.

ಯಾರಾದರೂ ಬಿದ್ದಾಗ ನಾಟಿವೈದ್ಯನಲ್ಲಿಗೆ ಮೊದಲು ಒಯ್ಯುವ ಪದ್ಧತಿ ಇನ್ನೂ ಕೆಲವೆಡೆ ಇದೆ. ಮರದಿಂದ ಬಿದ್ದ ಪ್ರಸಂಗಗಳಿಗೆ ಸುರಕ್ಷಾ ಬಿಮಾ ಯೋಜನೆಯು ಕೂಡಲೇ ಆದ ಆಸ್ಪತ್ರೆಯ ದಾಖಲೆಯನ್ನೇ ಆಧಾರವಾಗಿ ಕೇಳುತ್ತದೆ. ಗಾಯಾಳುವನ್ನು ಅದೇ ದಿನ ಆಸ್ಪತ್ರೆಗೆ ಸೇರಿಸಿ, "ಮರದಿಂದ ಬಿದ್ದು" ಎಂಬ ಮಾತನ್ನು ಚೀಟಿಯಲ್ಲಿ ಬರೆಯಿಸಿ, 30 ದಿನಗಳೊಳಗಾಗಿ ಬ್ಯಾಂಕಿಗೆ ಅರ್ಜಿ ಕೊಡಿಸತಕ್ಕದ್ದು.