ಇಪ್ಪತ್ತೊಂದರ ಆಟ ಕಲಿಯುವ ಮುನ್ನ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಯುವಕರು ಜುಮಾ ನಮಾಝ್ ಮುಗಿದ ಮೇಲೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಹಜರತ್, ಬ್ಲ್ಯಾಕ್‌ಜ್ಯಾಕ್ ಬರೀ ನಸೀಬಿನ ಆಟ ಅಲ್ಲ, ಲೆಕ್ಕದ ಆಟ. ಸರಿಯಾಗಿ ಕಲಿತು ಆಡಿದರೂ ಅದು ಜೂಜೇ?" ಹರಾಮ್ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಕೇಳಿದವನ ಬಾಯಿ ಮುಚ್ಚೀತು, ಮನಸ್ಸು ಒಪ್ಪಲಿಕ್ಕಿಲ್ಲ. ಆದ್ದರಿಂದ ಮೊದಲು ಆಟದ ಲೆಕ್ಕವನ್ನೇ ನೋಡೋಣ, ಆಮೇಲೆ ದೀನಿನ ಮಾತು.

ಆಟದ ಲೆಕ್ಕ

ಬ್ಲ್ಯಾಕ್‌ಜ್ಯಾಕ್ ಎಂದರೆ ಇಸ್ಪೀಟಿನ ಆಟ. ಎಲೆಗಳ ಮೊತ್ತ 21ಕ್ಕೆ ಹತ್ತಿರವಾಗಬೇಕು, ಆದರೆ ದಾಟಬಾರದು. ರಾಜ, ರಾಣಿ, ಗುಲಾಮ ತಲಾ 10. ಎಕ್ಕಾ 1 ಅಥವಾ 11. ಆಟಗಾರ ಮೊದಲು ಎಲೆ ಎಳೆಯುತ್ತಾನೆ, ಅಂಗಡಿಯವನ ಪರವಾಗಿ ಕುಳಿತ ಡೀಲರ್ ಕೊನೆಗೆ ಎಳೆಯುತ್ತಾನೆ.

ಗುಟ್ಟೆಲ್ಲ ಈ ಸರದಿಯಲ್ಲೇ ಇದೆ. ನೀವು 21 ದಾಟಿದ ಕೂಡಲೇ ನಿಮ್ಮ ಹಣ ಹೋಯಿತು. ಆಮೇಲೆ ಡೀಲರ್ ಕೂಡ 21 ದಾಟಿದರೂ ಅದು ವಾಪಸ್ ಬರುವುದಿಲ್ಲ. ನಿಮ್ಮ ಕೈಯಲ್ಲಿ 16 ಇದೆ ಎಂದುಕೊಳ್ಳಿ. ಇನ್ನೊಂದು ಎಲೆ ಎಳೆದರೆ 13 ಬಗೆಯ ಎಲೆಗಳಲ್ಲಿ 8 ಬಗೆಯವು ನಿಮ್ಮನ್ನು ಮುಳುಗಿಸುತ್ತವೆ. ಎಳೆಯದೆ ಕುಳಿತರೆ, ಡೀಲರ್ 17 ಮುಟ್ಟಿದರೆ ಸಾಕು, ನೀವು ಸೋತಿರಿ.

ಯಾವಾಗ ಎಳೆಯಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಪೂರ್ತಿ ಬಾಯಿಪಾಠ ಮಾಡಿದವನಿಗೂ, ಒಳ್ಳೆಯ ನಿಯಮಗಳಿರುವ ಮೇಜಿನಲ್ಲಿ, ನೂರು ರೂಪಾಯಿಗೆ ಸರಾಸರಿ ಅರ್ಧ ರೂಪಾಯಿಯಷ್ಟು ನಷ್ಟ ಇದ್ದೇ ಇರುತ್ತದೆ. ಹೊಸಬನ ನಷ್ಟ ನೂರಕ್ಕೆ ಎರಡು ರೂಪಾಯಿ ಎಂದೇ ಇಟ್ಟುಕೊಳ್ಳಿ. ಇದು ಸಣ್ಣದಾಗಿ ಕಾಣುತ್ತದೆ. ಆದರೆ ಒಂದು ಆಟಕ್ಕೆ 500 ರೂಪಾಯಿಯಂತೆ ತಾಸಿಗೆ 60 ಆಟ ಆಡಿದರೆ ಕೈದಾಟಿದ ಹಣ 30,000 ರೂಪಾಯಿ. ಅದರ ಮೇಲೆ ನೂರಕ್ಕೆ ಎರಡರಂತೆ ತಾಸಿಗೆ 600 ರೂಪಾಯಿ ಹೋಯಿತು. ಒಂದು ದಿನ ಗೆಲ್ಲಬಹುದು, ಎರಡು ದಿನ ಗೆಲ್ಲಬಹುದು. ಆಡುತ್ತಲೇ ಹೋದರೆ ಲೆಕ್ಕ ಅಂಗಡಿಯವನ ಕಡೆಗೇ ವಾಲುತ್ತದೆ. ಫೋನಿನಲ್ಲಾದರೆ ಒಂದು ಆಟ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ, ಹಣವೂ ಅಷ್ಟೇ ವೇಗದಲ್ಲಿ ಹೋಗುತ್ತದೆ.

"ಎಲೆ ಎಣಿಸಿ ಗೆದ್ದವರಿಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಇದ್ದಾರೆ. ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರಲ್ಲಿ ಆ ವಿಧಾನದ ಬಗ್ಗೆ ಪುಸ್ತಕವನ್ನೇ ಬರೆದರು. ಆದರೆ ಕ್ಯಾಸಿನೊದವರು ಸುಮ್ಮನೆ ಕೂರಲಿಲ್ಲ. ಹಲವು ಕಟ್ಟು ಎಲೆಗಳನ್ನು ಒಟ್ಟಿಗೆ ಬೆರೆಸಿದರು, ನಡುವೆಯೇ ಕಲಸತೊಡಗಿದರು, ಎಣಿಸುವವರನ್ನು ಎಬ್ಬಿಸಿ ಕಳಿಸಿದರು. ಗೆಲ್ಲುವವನನ್ನು ಹೊರಹಾಕಿ ಸೋಲುವವನನ್ನು ಕೂರಿಸಿಕೊಳ್ಳುವ ವ್ಯಾಪಾರ ಇದು.

ನಮ್ಮ ಕಡೆಯ ಅಂದರ್-ಬಾಹರ್‌ನಲ್ಲಿ ಕಲಿಯುವುದಕ್ಕೆ ಏನೂ ಇಲ್ಲ. ಸೋತವನು ನಸೀಬಿಗೆ ಬೈದು ಎದ್ದು ಬರಬಹುದು. ಬ್ಲ್ಯಾಕ್‌ಜ್ಯಾಕ್, ರಮ್ಮಿಗಳಲ್ಲಿ ಸೋತವನು "ನಾನಿನ್ನೂ ಸರಿಯಾಗಿ ಕಲಿತಿಲ್ಲ" ಎಂದುಕೊಂಡು ಮತ್ತೆ ಕೂರುತ್ತಾನೆ. ಕಲಿಕೆ ಸೋಲನ್ನು ನಿಧಾನ ಮಾಡುತ್ತದೆ, ತಪ್ಪಿಸುವುದಿಲ್ಲ. ಕೌಶಲದ ಹೆಸರಿನ ಮೋಸ ಇಲ್ಲಿದೆ.

ಗೋವಾದ ದಾರಿ, ಫೋನಿನ ದಾರಿ

ಕಿತ್ತೂರಿನಿಂದ ಹೆದ್ದಾರಿ ಹಿಡಿದು ಬೆಳಗಾವಿ, ಅಲ್ಲಿಂದ ಚೋರ್ಲಾ ಘಾಟ್ ಇಳಿದರೆ ಪಣಜಿ. ಅಲ್ಲಿ ಮಾಂಡೋವಿ ನದಿಯ ಹಡಗುಗಳಲ್ಲಿ ಕ್ಯಾಸಿನೊಗಳಿವೆ. ಅದಕ್ಕೆ ಸರ್ಕಾರದ ಪರವಾನಗಿಯೂ ಇದೆ. ಆದರೆ ಅದೇ ಗೋವಾ ಸರ್ಕಾರ 2020ರ ಫೆಬ್ರವರಿ 1ರಿಂದ ತನ್ನ ರಾಜ್ಯದ ಜನ ಅಲ್ಲಿ ಆಡಬಾರದೆಂದು ನಿರ್ಬಂಧ ಹಾಕಿತು. ಅಡುಗೆ ಮಾಡಿದವನೇ ತನ್ನ ಮಕ್ಕಳಿಗೆ ಅದನ್ನು ಬಡಿಸುವುದಿಲ್ಲ ಎಂದರೆ, ಹತ್ತಿ ಮಾರಿದ ಹಣ, ಮಗ್ಗದ ಕೂಲಿ ಹಿಡಿದು ನಾವು ಅಲ್ಲಿಗೆ ಹೋಗಿ ಉಣ್ಣಬೇಕೇ?

ಫೋನಿನ ವಿಷಯದಲ್ಲಿ ದೇಶದ ಕಾನೂನೇ ಬದಲಾಗಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲದ ಆಟವಾಗಲಿ ಅದೃಷ್ಟದ ಆಟವಾಗಲಿ, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುತ್ತದೆ. ಅವನ್ನು ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಇದೆ.

ದೀನಿನ ಮಾತು

ಸೂರಃ ಅಲ್ ಮಾಇದಃದ 90 ಮತ್ತು 91ನೇ ಆಯತ್‌ಗಳಲ್ಲಿ ಅಲ್ಲಾಹನು ಮದ್ಯದ ಜೊತೆಗೇ ಜೂಜನ್ನೂ ಶೈತಾನನ ಕೆಲಸವೆಂದು ಎಣಿಸಿದ್ದಾನೆ. ಅದು ಜನರ ನಡುವೆ ಹಗೆ ಹುಟ್ಟಿಸುತ್ತದೆ, ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ತಡೆಯುತ್ತದೆ ಎಂಬ ಕಾರಣವನ್ನೂ ತಿಳಿಸಿದ್ದಾನೆ. ಇಬ್ಬರೂ ಹಣ ಒಡ್ಡಿ, ಒಬ್ಬನ ನಷ್ಟವೇ ಇನ್ನೊಬ್ಬನ ಲಾಭವಾಗುವಂತೆ, ಫಲ ಏನೆಂದು ತಿಳಿಯದ ವಿಷಯಕ್ಕೆ ಕಟ್ಟಿಕೊಳ್ಳುವುದೇ ಖಿಮಾರ್. ಅದರಲ್ಲಿ ಸ್ವಲ್ಪ ಲೆಕ್ಕ ಬೆರೆತರೆ ಹುಕುಂ ಬದಲಾಗುವುದಿಲ್ಲ.

ಅಜ್ಞಾನ ಕಾಲದ ಅರಬರು ಒಂಟೆ ಕೊಯ್ದು, 10 ಬಾಣಗಳನ್ನು ಚೀಲದಲ್ಲಿ ಹಾಕಿ ಎಳೆಯುತ್ತಿದ್ದರು. 7 ಬಾಣಗಳಿಗೆ ಪಾಲು, 3ಕ್ಕೆ ಇಲ್ಲ. ಪಾಲಿಲ್ಲದ ಬಾಣ ಬಂದವರು ಒಂಟೆಯ ಬೆಲೆ ಕೊಡಬೇಕು. ಗೆದ್ದವರು ಮಾಂಸವನ್ನು ಬಡವರಿಗೆ ಹಂಚುತ್ತಿದ್ದರು. ಬಡವನ ಹೊಟ್ಟೆ ತುಂಬಿಸುತ್ತಿದ್ದ ಆ ಜೂಜೂ ಹರಾಮ್ ಆಯಿತು. "ಗೆದ್ದದ್ದರಲ್ಲಿ ಸದಕಾ ಕೊಡುತ್ತೇನೆ" ಎನ್ನುವವರು ಇದನ್ನು ನೆನಪಿಡಬೇಕು.

"ದುಡ್ಡಿಲ್ಲದೆ ಫೋನಿನಲ್ಲಿ ಬರೀ ಕಲಿಯುತ್ತೇನೆ" ಎನ್ನುವವರೂ ಇದ್ದಾರೆ. ಗೆಳೆಯನನ್ನು ಜೂಜಿಗೆ ಬಾ ಎಂದು ಕರೆದವನು, ಆ ಮಾತಿಗೇ ಸದಕಾ ಕೊಡಲಿ ಎಂದು ಪ್ರವಾದಿ (ಸ) ಅವರು ಹೇಳಿದ್ದಾಗಿ ಸಹೀಹ್ ಬುಖಾರಿಯಲ್ಲಿದೆ. ಕರೆದ ಮಾತ್ರಕ್ಕೇ ಪರಿಹಾರ ಬೇಕೆಂದರೆ, ಆ ಬಾಗಿಲಲ್ಲಿ ನಿಂತು ಅಭ್ಯಾಸ ಮಾಡುವುದು ಎಂಥದು? ಉಚಿತ ಆಟ ಇರುವುದೇ ನಾಳೆ ಹಣ ಹಾಕಿಸಲಿಕ್ಕೆ.

ಈಗಾಗಲೇ ಸಿಕ್ಕಿಕೊಂಡವರಿಗೆ

ಮೊದಲು ಆಟ ನಿಲ್ಲಿಸಿ, ಆಪ್ ತೆಗೆಯಿರಿ, ತೌಬಾ ಮಾಡಿ. ಹೋದ ಹಣವನ್ನು ಆಡಿಯೇ ವಾಪಸ್ ತರುತ್ತೇನೆ ಎಂಬ ಹಟ ಬಿಡಿ, ಮನೆಗಳು ಮುಳುಗುವುದು ಆ ಹಟದಿಂದಲೇ. ಗೆದ್ದ ಹಣ ಯಾರದೆಂದು ಗೊತ್ತಿದ್ದರೆ ಅವರಿಗೆ ಹಿಂತಿರುಗಿಸಿ, ಗೊತ್ತಿಲ್ಲದಿದ್ದರೆ ಸವಾಬಿನ ನಿಯ್ಯತ್ ಇಲ್ಲದೆ ಬಡವರಿಗೆ ಕೊಡಿ. ಜೂಜಿನಲ್ಲಿ ಸೋತ ಬಾಕಿಗೆ ಶರೀಅತ್‌ನಲ್ಲಿ ಬೆಲೆಯಿಲ್ಲ. ಭಾರತೀಯ ಒಪ್ಪಂದ ಕಾಯ್ದೆ, 1872ರ 30ನೇ ಕಲಮಿನ ಪ್ರಕಾರವೂ ಪಣದ ಒಪ್ಪಂದ ಅಸಿಂಧು. ಆದರೆ ನೆಂಟರಿಂದ, ನೆರೆಯವರಿಂದ ಪಡೆದ ಕೈಗಡ ತೀರಿಸಲೇಬೇಕು.

ಮನೆಯವರಿಂದ ಮುಚ್ಚಿಡಬೇಡಿ. ಕೆಲವು ತಿಂಗಳು ಬ್ಯಾಂಕಿನ ವ್ಯವಹಾರವನ್ನು ಹೆಂಡತಿಯ ಇಲ್ಲವೇ ತಂದೆಯ ಕೈಗೆ ಕೊಡಿ. ಚಟ ಬಿಡಲಾಗದೆ ಒದ್ದಾಡುವವರು, ಜೀವವೇ ಬೇಡ ಎನಿಸಿದವರು ಕೂಡಲೇ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಔಷಧ ಹುಡುಕುವುದು ಈಮಾನಿನ ಕೊರತೆಯಲ್ಲ.

ಮನೆಯವರಿಗೂ ಒಂದು ಮಾತು. ಸಾಲ ಮಾಡಿಕೊಂಡು ಬಂದ ಮಗನಿಗೆ ಮೊದಲ ದಿನವೇ ಬಾಗಿಲು ಹಾಕಬೇಡಿ. ಬೈಯುವುದಕ್ಕೆ ಮುಂಚೆ ಸಾಲ ಎಷ್ಟಿದೆ, ಯಾರದಿದೆ ಎಂದು ಕೂತು ಬರೆಯಿರಿ. ಜಮಾಅತಿನ ಹಿರಿಯರು ಅವನ ಹೆಸರನ್ನು ಕಟ್ಟೆಯ ಮೇಲೆ ಮಾತಾಗಿಸದೆ ದುಡಿಯುವ ದಾರಿ ತೋರಿಸಲಿ.

ಬೆವರಿನ ಹಲಾಲ್ ರೊಟ್ಟಿಯಲ್ಲಿ ಅಲ್ಲಾಹನು ನಮಗೆಲ್ಲ ಬರಕತ್ ಕೊಡಲಿ, ನಮ್ಮ ಮಕ್ಕಳನ್ನು ಈ ಬಲೆಯಿಂದ ಕಾಪಾಡಲಿ. ಆಮೀನ್.