ಪ್ರೊಫೆಸರರ ಪಾಠವೂ ವಿದ್ಯಾರ್ಥಿಗಳ ಅಭಿಪ್ರಾಯವೂ

ದಸರಾ ರಜೆಯಲ್ಲಿ ಮಂಗಳೂರಿನ ಕಾಲೇಜುಗಳಿಂದ ಊರಿಗೆ ಬಂದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಶಾಲೆಯ ಕಡೆಗೆ ಬರುವುದುಂಟು. ಹತ್ತನೆಯ ತರಗತಿಯ ಮಕ್ಕಳು ಅವರನ್ನು ಸುತ್ತುಗಟ್ಟಿ ಕೇಳುವ ಮೊದಲನೆಯ ಪ್ರಶ್ನೆ ಹಾಸ್ಟೆಲಿನ ಊಟದ್ದು. ಎರಡನೆಯದು, ‘ಅಣ್ಣಾ, ಗಣಿತದ ಪ್ರೊಫೆಸರರ ಪಾಠ ಹೇಗೆ?’ ಎಂಬುದು. ಕೆಲವು ವರ್ಷಗಳ ಹಿಂದೆ ಒಬ್ಬನು ಇದಕ್ಕೆ, ‘ಅವರು ಪಾಠ ಮಾಡುವುದು ಬೋರ್ಡಿಗೆ, ನಮಗಲ್ಲ’ ಎಂದು ಉತ್ತರ ಕೊಟ್ಟನು. ಮಕ್ಕಳೆಲ್ಲ ನಕ್ಕರು, ನಾವೂ ನಕ್ಕೆವು. ಆದರೆ ಆ ವರ್ಷ ಗಣಿತದಲ್ಲಿ ಚೆನ್ನಾಗಿದ್ದ ಮೂವರು ಪ್ಲಸ್ ವನ್ನಿಗೆ ಅರ್ಜಿ ಹಾಕುವಾಗ ಗಣಿತವಿಲ್ಲದ ವಿಭಾಗವನ್ನು ಬರೆದುಬಿಟ್ಟರು. ಕಾರಣ ಕೇಳಿದರೆ, ‘ಮುಂದೆ ಡಿಗ್ರಿಯಲ್ಲಿ ಏನೂ ತಿಳಿಯುವುದಿಲ್ಲವಂತೆ, ಅಣ್ಣ ಹೇಳಿದ್ದಾರಲ್ಲ’ ಎಂದರು. ಆಗ ನಮ್ಮ ನಗು ನಿಂತಿತು.

ಆ ಪ್ರೊಫೆಸರರನ್ನು ನಾವು ಕಂಡವರಲ್ಲ. ಹುಡುಗನು ಸುಳ್ಳು ಹೇಳಿದನೆಂದೂ ನಾವು ಹೇಳುವುದಿಲ್ಲ. ಆದರೆ ಬೆಂಚಿನ ಮೇಲೆ ಕುಳಿತ ವಿದ್ಯಾರ್ಥಿಗೆ ತನ್ನ ಅಧ್ಯಾಪಕರ ಪಾಠದ ಬಗ್ಗೆ ಏನು ಗೊತ್ತಿರುತ್ತದೆ, ಏನು ಗೊತ್ತಿರುವುದಿಲ್ಲ ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡುವುದು ಒಳ್ಳೆಯದೆಂದು ನಮಗೆ ಅಂದಿನಿಂದ ತೋರಿದೆ. ಅದಕ್ಕೆ ಪ್ರಸಿದ್ಧವಾದ ಒಂದು ಉದಾಹರಣೆಯಿದೆ.

ಜರ್ಮನಿಯ ಗೋಟಿಂಗೆನ್ ವಿಶ್ವವಿದ್ಯಾಲಯವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಣಿತಕ್ಕೆ ಕಾಶಿಯಂತಿತ್ತು. ಅಲ್ಲಿಗೆ 1915ರಲ್ಲಿ ಹಿಲ್ಬರ್ಟ್ ಮತ್ತು ಕ್ಲೈನ್ ಎಂಬ ಇಬ್ಬರು ಮಹಾ ಗಣಿತಜ್ಞರ ಕರೆಯ ಮೇರೆಗೆ ಎಮ್ಮಿ ನೋಥರ್ ಎಂಬ ಮಹಿಳೆ ಬಂದರು. 1882ರಲ್ಲಿ ಎರ್ಲಾಂಗೆನ್ ನಗರದಲ್ಲಿ ಹುಟ್ಟಿದ ಇವರ ತಂದೆಯೂ ಗಣಿತದ ಪ್ರಾಧ್ಯಾಪಕರೇ. ಹೆಂಗಸೊಬ್ಬಳು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವುದಕ್ಕೆ ಅಲ್ಲಿಯ ಇತರ ವಿಭಾಗಗಳವರು ಒಪ್ಪಲಿಲ್ಲ. ಆದ್ದರಿಂದ ಕೆಲವು ವರ್ಷ ಅವರ ಉಪನ್ಯಾಸಗಳು ಹಿಲ್ಬರ್ಟರ ಹೆಸರಿನಲ್ಲಿ ಪ್ರಕಟವಾಗುತ್ತಿದ್ದವು. ಪಾಠ ಮಾಡುವವರು ಮಾತ್ರ ಇವರು. 1919ರಲ್ಲಿ ಸ್ವಂತ ಹೆಸರಿನಲ್ಲಿ ಪಾಠ ಮಾಡುವ ಅಧಿಕಾರವೂ 1922ರಲ್ಲಿ ಪ್ರೊಫೆಸರ್ ಎಂಬ ಬಿರುದೂ ದೊರೆತವು. ಬಿರುದಿನ ಜತೆಗೆ ಸಂಬಳ ಬರಲಿಲ್ಲ. ಸಣ್ಣದೊಂದು ಸಂಭಾವನೆ ಸಿಕ್ಕಿದ್ದು ಅದರ ಮರುವರ್ಷ.

ಇಂಥವರ ಪಾಠದ ಬಗ್ಗೆ ವಿದ್ಯಾರ್ಥಿಗಳ ಅಭಿಪ್ರಾಯವೇನಿತ್ತು? ಸಾಮಾನ್ಯ ವಿದ್ಯಾರ್ಥಿಯನ್ನು ಕೇಳಿದ್ದರೆ, ನಮ್ಮ ಹುಡುಗ ಕೊಟ್ಟಂಥ ಉತ್ತರವೇ ಬರುತ್ತಿತ್ತು. ಅವರದು ಬಹಳ ವೇಗದ ಮಾತು. ಸಿದ್ಧಮಾಡಿಕೊಂಡು ಬಂದ ಟಿಪ್ಪಣಿ ಇಲ್ಲ. ಆ ಕ್ಷಣದಲ್ಲಿ ತಮ್ಮ ತಲೆಯಲ್ಲಿ ಓಡುತ್ತಿರುವುದನ್ನೇ ಹೇಳುತ್ತಾ ಹೋಗುವರು. ಅವರ ಶಿಷ್ಯರಲ್ಲಿ ಅತ್ಯಂತ ಪ್ರಸಿದ್ಧರಾದ ವಾನ್ ಡೆರ್ ವಾರ್ಡನ್ನರೇ ಗುರುವಿನ ಮರಣಾನಂತರ ಬರೆದ ಲೇಖನದಲ್ಲಿ, ಅವರಿಗೆ ಕಲಿಸುವ ಕಲೆ ಒಲಿದಿರಲಿಲ್ಲ, ಒಂದು ವಾಕ್ಯ ಮುಗಿಯುವ ಮೊದಲೇ ಅದನ್ನು ವಿವರಿಸಲು ಅವಸರದಿಂದ ಸೇರಿಸುತ್ತಿದ್ದ ಮಾತುಗಳು ಗೊಂದಲವನ್ನು ಹೆಚ್ಚಿಸುತ್ತಿದ್ದವು ಎಂಬ ಅರ್ಥದಲ್ಲಿ ಹೇಳಿದ್ದಾರೆ. ಒಂದು ಸಲ ಅವರ ತರಗತಿಗೆ ಹೊಸಬರು ಅನೇಕರು ಬಂದು ಕುಳಿತು, ಏನೂ ತಿಳಿಯದೆ ನಡುವೆಯೇ ಎದ್ದುಹೋದರಂತೆ. ವೈರಿಗಳು ಓಡಿಹೋದರೆಂದು ಹಳೆಯ ಶಿಷ್ಯರು ಖುಷಿಪಟ್ಟರೆಂಬ ಕಥೆಯಿದೆ!

ಪಾಠ ಏಕೆ ಕಷ್ಟವಾಗುತ್ತಿತ್ತು? ಮಾತಿನ ವೇಗವೊಂದೇ ಕಾರಣವಾಗಿರಲಿಲ್ಲ. ನಮ್ಮ ಮಕ್ಕಳಿಗೆ ತಿಳಿದ ಲ.ಸಾ.ಅ., ಮ.ಸಾ.ಅ. ಲೆಕ್ಕದಿಂದಲೇ ಇದನ್ನು ವಿವರಿಸಬಹುದು. 4 ಮತ್ತು 6ರ ಲ.ಸಾ.ಅ. ಕಂಡುಹಿಡಿಯಿರಿ ಎಂದರೆ ನಾವು ಗೆರೆ ಎಳೆದು, 2ರಿಂದ ಭಾಗಿಸಿ, 12 ಎನ್ನುತ್ತೇವೆ. ನೋಥರ್ ಅವರ ದಾರಿ ಬೇರೆ. 4ರ ಅಪವರ್ತ್ಯಗಳೆಲ್ಲ ಒಂದು ಗುಂಪು, 6ರ ಅಪವರ್ತ್ಯಗಳೆಲ್ಲ ಇನ್ನೊಂದು ಗುಂಪು ಎಂದಿಟ್ಟುಕೊಳ್ಳಿ. ಸೊನ್ನೆಯನ್ನೂ ಋಣ ಸಂಖ್ಯೆಗಳನ್ನೂ ಸೇರಿಸಿಕೊಳ್ಳಿ. ಒಂದೇ ಗುಂಪಿನ ಎರಡನ್ನು ಕೂಡಿಸಿದರೆ ಮೊತ್ತವೂ ಅದೇ ಗುಂಪಿನಲ್ಲಿರುತ್ತದೆ. ಗುಂಪಿನ ಒಂದನ್ನು ಯಾವ ಪೂರ್ಣಾಂಕದಿಂದ ಗುಣಿಸಿದರೂ ಗುಣಲಬ್ಧ ಅಲ್ಲಿಯೇ ಉಳಿಯುತ್ತದೆ. ಇನ್ನು ಎರಡೂ ಗುಂಪುಗಳಲ್ಲಿ ಇರುವ ಸಂಖ್ಯೆಗಳು ಯಾವುವು? 12, 24, 36 ಮುಂತಾದುವು, ಅಂದರೆ 12ರ ಅಪವರ್ತ್ಯಗಳು. ಇದೋ ಲ.ಸಾ.ಅ. ಸಿಕ್ಕಿತು. ಒಂದು ಗುಂಪಿನಿಂದ ಒಂದು, ಇನ್ನೊಂದರಿಂದ ಒಂದು ತೆಗೆದು ಕೂಡಿಸಿದರೆ? 4ಕ್ಕೆ 6 ಕೂಡಿಸಿದರೆ 10, 8ಕ್ಕೆ 6 ಕೂಡಿಸಿದರೆ 14, 6ಕ್ಕೆ ಋಣ 4 ಕೂಡಿಸಿದರೆ 2. ಹೀಗೆ ಸಮಸಂಖ್ಯೆಗಳೆಲ್ಲ ಬರುತ್ತವೆ. ಅವು 2ರ ಅಪವರ್ತ್ಯಗಳು, 2 ಎಂಬುದೇ ಮ.ಸಾ.ಅ. ಎಲ್ಲಿಯೂ ಭಾಗಿಸಲಿಲ್ಲ ನೋಡಿ. ಇಂಥ ಗುಂಪಿಗೆ ಗಣಿತದಲ್ಲಿ ‘ಐಡಿಯಲ್’ ಎಂದು ಹೆಸರು. ಸಂಖ್ಯೆಗಳೇ ಆಗಬೇಕೆಂದಿಲ್ಲ, ಕೂಡಿಸುವ ಗುಣಿಸುವ ನಿಯಮವಿರುವ ಬೇರೆ ಕಡೆಗಳಲ್ಲಿಯೂ ಈ ವಿಚಾರ ನಡೆಯುತ್ತದೆ. ನೋಥರ್ ಅವರ 1921ರ ಪ್ರಸಿದ್ಧ ಪ್ರಬಂಧ ಈ ವಿಷಯದ್ದೇ.

ಲೆಕ್ಕ ಬಿಡಿಸುವುದನ್ನು ಕಲಿಯಲು ಬಂದ ವಿದ್ಯಾರ್ಥಿಗೆ ಇಂಥ ಪಾಠದ ಕೊನೆಯಲ್ಲಿ, ‘ಒಂದು ಗಂಟೆ ಆಯಿತು, ಒಂದು ಲೆಕ್ಕವನ್ನೂ ಮಾಡಿಸಲಿಲ್ಲ’ ಎಂದೇ ಅನಿಸುವುದು ಸಹಜ. ಉಳಿದುಕೊಂಡವರ ಮಾತು ಬೇರೆ. ವಾನ್ ಡೆರ್ ವಾರ್ಡನ್ 1924ರಲ್ಲಿ ಹಾಲೆಂಡಿನಿಂದ ಬಂದು ಅವರ ಪಾಠ ಕೇಳಿದರು. 1930 ಮತ್ತು 1931ರಲ್ಲಿ ಎರಡು ಭಾಗಗಳಾಗಿ ಅವರು ಪ್ರಕಟಿಸಿದ ‘ಆಧುನಿಕ ಬೀಜಗಣಿತ’ವು ಆರ್ಟಿನ್ ಮತ್ತು ನೋಥರ್ ಅವರ ಉಪನ್ಯಾಸಗಳನ್ನು ಆಧರಿಸಿದ್ದೆಂದು ಅದರ ಮುಖಪುಟದಲ್ಲಿಯೇ ಅಚ್ಚಾಗಿದೆ. ಪ್ರಪಂಚದ ವಿಶ್ವವಿದ್ಯಾಲಯಗಳಲ್ಲಿ ಬೀಜಗಣಿತವನ್ನು ಕಲಿಸುವ ರೀತಿಯನ್ನೇ ಆ ಪುಸ್ತಕ ಬದಲಾಯಿಸಿತು. ರಜೆಯ ದಿನವೊಂದರಲ್ಲಿ ಕಟ್ಟಡದ ಬಾಗಿಲು ಮುಚ್ಚಿದ್ದಾಗ ನೋಥರ್ ಅವರು ಮೆಟ್ಟಿಲ ಮೇಲೆ ಶಿಷ್ಯರನ್ನು ಸೇರಿಸಿಕೊಂಡು, ಕಾಡುದಾರಿಯಲ್ಲಿ ನಡೆಸಿಕೊಂಡು ಹೋಗಿ, ಕಾಫಿ ಅಂಗಡಿಯೊಂದರಲ್ಲಿ ಪಾಠ ಮುಗಿಸಿದರಂತೆ. 1933ರಲ್ಲಿ ಹಿಟ್ಲರನ ಸರಕಾರವು ಯೆಹೂದಿಯೆಂಬ ಕಾರಣಕ್ಕೆ ಅವರನ್ನು ತೆಗೆದುಹಾಕಿದಾಗ, ಅವರನ್ನು ಉಳಿಸಿಕೊಳ್ಳಬೇಕೆಂದು ಶಿಷ್ಯರು ಅರ್ಜಿ ಬರೆದರು. ಅವರ ಮನೆಯಲ್ಲಿಯೇ ಪಾಠ ಮುಂದುವರಿಯಿತು. ಅಲ್ಲಿಗೆ ನಾಜಿ ಪಡೆಯ ಕಂದು ಸಮವಸ್ತ್ರ ತೊಟ್ಟ ವಿದ್ಯಾರ್ಥಿಯೊಬ್ಬನೂ ಬರುತ್ತಿದ್ದನೆಂದು ಹೇಳುತ್ತಾರೆ. ಅದೇ ವರ್ಷ ಅಮೆರಿಕದ ಬ್ರಿನ್ ಮಾರ್ ಮಹಿಳಾ ಕಾಲೇಜಿಗೆ ಹೋದ ಅವರು 1935ರಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು.

ನೋಥರ್ ಅವರಂಥವರು ಶತಮಾನಕ್ಕೊಬ್ಬರು, ಅವರನ್ನು ತೋರಿಸಿ ಬೋರ್ಡಿಗೆ ಪಾಠ ಮಾಡುವ ಎಲ್ಲರನ್ನೂ ಮೆಚ್ಚಬೇಕೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದ್ದರಿಂದ ಸಾಮಾನ್ಯ ಅಧ್ಯಾಪಕರನ್ನು ಕುರಿತ ಒಂದು ಪರಿಶೀಲನೆಯನ್ನೂ ಹೇಳುತ್ತೇವೆ.

ವಿದ್ಯಾರ್ಥಿಗಳಿಂದ ಅಧ್ಯಾಪಕರಿಗೆ ಅಂಕ ಕೊಡಿಸುವ ಪದ್ಧತಿ ಅಮೆರಿಕದಲ್ಲಿ 1920ರ ದಶಕದಿಂದಲೇ ಇದೆ. ಅಲ್ಲಿನ ಕೊಲರಾಡೋದಲ್ಲಿರುವ ವಾಯುಪಡೆಯ ಅಕಾಡೆಮಿಯಲ್ಲಿ ಎಲ್ಲರೂ ಕಲನಶಾಸ್ತ್ರವನ್ನು ಕಲಿಯಲೇಬೇಕು. ಯಾರಿಗೆ ಯಾವ ಅಧ್ಯಾಪಕರು ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ, ಆರಿಸಿಕೊಳ್ಳುವಂತಿಲ್ಲ. ಪಾಠ್ಯಕ್ರಮವೂ ಪರೀಕ್ಷೆಯೂ ಎಲ್ಲರಿಗೂ ಒಂದೇ. ಇದಕ್ಕಿಂತ ಒಳ್ಳೆಯ ತಕ್ಕಡಿ ಎಲ್ಲಿ ಸಿಕ್ಕೀತು? ಸ್ಕಾಟ್ ಕ್ಯಾರೆಲ್, ಜೇಮ್ಸ್ ವೆಸ್ಟ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2000ದಿಂದ 2007ರವರೆಗಿನ 10,000ಕ್ಕೂ ಮಿಕ್ಕಿದ ವಿದ್ಯಾರ್ಥಿಗಳ ಅಂಕಗಳನ್ನು ಪರಿಶೀಲಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಅನುಭವ ಕಡಿಮೆಯಿದ್ದ ಅಧ್ಯಾಪಕರ ಶಿಷ್ಯರು ಆ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದಿದ್ದರು, ಅಧ್ಯಾಪಕರನ್ನೂ ಹೆಚ್ಚು ಮೆಚ್ಚಿದ್ದರು. ಹೆಚ್ಚು ಅನುಭವಿಗಳ ಶಿಷ್ಯರಿಗೆ ಅಂಕವೂ ಕಡಿಮೆ, ಅವರು ಕೊಟ್ಟ ಮೆಚ್ಚುಗೆಯೂ ಕಡಿಮೆ. ಆದರೆ ಕಲನಶಾಸ್ತ್ರದ ಮುಂದಿನ ಭಾಗಕ್ಕೂ ಎಂಜಿನಿಯರಿಂಗ್ ಪಾಠಗಳಿಗೂ ಬಂದಾಗ ತಕ್ಕಡಿ ತಿರುಗಿತು. ಅನುಭವಿಗಳಲ್ಲಿ ಕಲಿತವರೇ ಅಲ್ಲಿ ಮುಂದಾದರು. ವ್ಯತ್ಯಾಸ ದೊಡ್ಡದೇನಲ್ಲ. ಆದರೂ ಅದು ಯಾವ ದಿಕ್ಕಿಗೆ ವಾಲಿತು ಎಂಬುದನ್ನು ಗಮನಿಸಬೇಕು.

ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಪರೀಕ್ಷೆಗೆ ಬೇಕಾದಷ್ಟನ್ನು ನುಣುಪಾಗಿ ಕಲಿಸಿದರೆ ಕೇಳುವವನಿಗೆ ಹಿತವಾಗಿರುತ್ತದೆ. ‘ಇದು ಹೀಗೇಕೆ?’ ಎಂದು ಅವನಿಂದಲೇ ಯೋಚನೆ ಮಾಡಿಸಿದರೆ ತಲೆ ಬಿಸಿಯಾಗುತ್ತದೆ. ಆ ಬಿಸಿಯನ್ನು ಅವನು ‘ಅರ್ಥವಾಗಲಿಲ್ಲ’ ಎಂದು ತಿಳಿಯುತ್ತಾನೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿಯೂ, ತಾವೇ ಲೆಕ್ಕದೊಡನೆ ಗುದ್ದಾಡಿದವರು ಹೆಚ್ಚು ಕಲಿತಿದ್ದರೂ ತಾವು ಕಡಿಮೆ ಕಲಿತೆವೆಂದು ಬರೆದರು.

ಹಾಗೆಂದು ವಿದ್ಯಾರ್ಥಿಗಳ ಅಭಿಪ್ರಾಯವನ್ನು ಕಸದ ಬುಟ್ಟಿಗೆ ಹಾಕುವುದು ಅಧ್ಯಾಪಕರಾದ ನಮ್ಮ ಸೋಮಾರಿತನಕ್ಕೆ ಒಳ್ಳೆಯ ನೆಪವಾದೀತು. ಧ್ವನಿ ಹಿಂದಿನ ಬೆಂಚಿಗೆ ಮುಟ್ಟುತ್ತದೆಯೆ, ಬೋರ್ಡಿನ ಅಕ್ಷರ ಕಾಣುತ್ತದೆಯೆ, ಪ್ರಶ್ನೆ ಕೇಳಿದರೆ ಗದರುತ್ತಾರೆಯೆ ಎಂಬುದಕ್ಕೆಲ್ಲ ವಿದ್ಯಾರ್ಥಿಗಿಂತ ಬೇರೆ ಸಾಕ್ಷಿ ಬೇಡ. ಅವನಿಗೆ ಆಗಲೇ ತಿಳಿಯದಿರುವುದು ಒಂದೇ: ಕಲಿತದ್ದರಲ್ಲಿ ಎಷ್ಟು ಉಳಿಯಿತು ಎಂಬುದು. ಅದು ಮುಂದಿನ ಪಾಠದಲ್ಲಿ ಮಾತ್ರ ಗೊತ್ತಾಗುವ ಸಂಗತಿ.

ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ತೊಡಕಿದೆ. ಹತ್ತು ವರ್ಷ ಲ.ಸಾ.ಅ. ಎಂದವನಿಗೆ ಎಲ್.ಸಿ.ಎಂ. ಎಂದೊಡನೆ ಅದು ಹೊಸ ವಿಷಯವೆಂದೇ ತೋರುತ್ತದೆ. ಮೊದಲ ಮೂರು ತಿಂಗಳು ಅವನಿಗೆ ಗಣಿತವೂ ಇಂಗ್ಲಿಷೂ ಬೆರೆತೇ ಕೇಳಿಸುತ್ತವೆ. ಆ ದಿನಗಳಲ್ಲಿ ಕೊಟ್ಟ ಅಭಿಪ್ರಾಯದಲ್ಲಿ ಪ್ರೊಫೆಸರರ ಪಾಲು ಎಷ್ಟು, ಭಾಷೆಯ ಪಾಲು ಎಷ್ಟೆಂದು ಬೇರ್ಪಡಿಸುವುದು ಅವನಿಂದಲೂ ಆಗದು. ಇದರಲ್ಲಿ ನಮ್ಮ ತಪ್ಪೂ ಇದೆ. ಹತ್ತನೆಯ ತರಗತಿಯಲ್ಲಿಯೇ ಕನ್ನಡದ ಪದಗಳ ಪಕ್ಕದಲ್ಲಿ ಅವುಗಳ ಇಂಗ್ಲಿಷ್ ಹೆಸರುಗಳನ್ನು ಬರೆಯಿಸಬೇಕಾಗಿತ್ತು. ಈಗ ಬರೆಯಿಸುತ್ತಿದ್ದೇವೆ.

‘ಬೋರ್ಡಿಗೆ ಪಾಠ’ ಎಂದ ಹುಡುಗನು ಕಳೆದ ದಸರಾದಲ್ಲಿ ಪುನಃ ಬಂದಿದ್ದನು. ಈಗ ಅವನು ಎಂ.ಎಸ್ಸಿ.ಯ ಮೊದಲ ವರ್ಷದಲ್ಲಿದ್ದಾನೆ. ಆ ಪ್ರೊಫೆಸರರ ವಿಚಾರ ಕೇಳಿದೆವು. ‘ಅವರು ಈಗಲೂ ಬೋರ್ಡಿಗೇ ಪಾಠ ಮಾಡುವುದು ಮಾಸ್ಟ್ರೇ’ ಎಂದನು. ‘ಆದರೆ ನಾನು ಈಗ ತೆಗೆದು ನೋಡುವುದು ಅವರ ತರಗತಿಯ ನೋಟ್ಸನ್ನೇ.’ ಆ ನೋಟ್ಸನ್ನು ಶಾಲೆಯ ಕಪಾಟಿಗೆ ಒಂದು ಪ್ರತಿ ಮಾಡಿಸಿ ಕೊಡಲು ಹೇಳಿದ್ದೇವೆ. ಗಣಿತ ಬಿಟ್ಟ ಆ ಮೂವರಲ್ಲಿ ಇಬ್ಬರು ಬಿ.ಕಾಂ. ಮುಗಿಸಿದ್ದಾರೆ. ಮೂರನೆಯವಳು ಈ ವರ್ಷ ಏನೋ ಒಂದು ಸ್ಪರ್ಧಾತ್ಮಕ ಪರೀಕ್ಷೆಗೆಂದು ನಮ್ಮಲ್ಲಿಗೆ ಸಂಜೆ ಹೊತ್ತು ಗಣಿತ ಹೇಳಿಸಿಕೊಳ್ಳಲು ಬರುತ್ತಿದ್ದಾಳೆ.