ಸೀಗಡಿಯ ರೋಗವೂ ಬಡ ಸಾಕಣೆಗಾರನ ಪಾಡೂ

ಎಂಟನೆಯ ವರ್ಗದಲ್ಲಿ ಕರಾವಳಿಯ ಉದ್ಯೋಗಗಳ ಪಾಠ ನಡೆದಿರುವಾಗ, ಕಮಲಾಪುರದಿಂದ ಬಂದು ನಮ್ಮಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರೆ, ನಮ್ಮ ತೊಗರಿಗಿ ನೆಟೆ ರೋಗ ಬಂದಂಗ ಸೀಗಡಿಗೂ ರೋಗ ಬರ್ತದೇನ್ರಿ?" ಎಂದು ಕೇಳಿದಳು. ಉಳಿದವರು ನಕ್ಕರು. ಗಂಟೆ ಬಾರಿಸುವ ಹೊತ್ತಾಗಿದ್ದುದರಿಂದ ನಾನು "ಬರುತ್ತದೆ" ಎಂದಷ್ಟೇ ಹೇಳಿ ಪಾಠವನ್ನು ಮುಗಿಸಿದೆನು. ಅವಳ ಪ್ರಶ್ನೆ ನಗತಕ್ಕದ್ದಾಗಿರಲಿಲ್ಲ. ನನ್ನ ಉತ್ತರವೇ ಸಾಲದಾಗಿತ್ತು. ಅದನ್ನು ಈ ಸ್ಮರಣ ಸಂಚಿಕೆಯಲ್ಲಿ ತುಸು ವಿಸ್ತಾರವಾಗಿ ಹೇಳುತ್ತೇನೆ.

2022ರಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ಬಂದ ಕೇಡನ್ನು ಇಲ್ಲಿಯ ಮಕ್ಕಳಿಗೆ ಹೇಳಿಕೊಡಬೇಕಾದುದಿಲ್ಲ. ಹಸುರಾಗಿ ನಿಂತ ಗಿಡಗಳು ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲಿಯೇ ಒಣಗಿದವು. ನೆಲದೊಳಗಿರುವ ಬೂಷ್ಟು ಬೇರಿನ ಮೂಲಕ ಏರಿ, ನೀರು ಹರಿಯುವ ನಾಳಗಳನ್ನು ಕಟ್ಟಿಬಿಡುವದರಿಂದ ಹೀಗಾಗುವದು. ಬೀಜ, ಗೊಬ್ಬರ, ಕೂಲಿ, ಎಲ್ಲ ವೆಚ್ಚವೂ ಆದ ಮೇಲೆ ಬೆಳೆ ಹೋಗುವದೇ ಇದರ ಕ್ರೂರತನ. ಸೀಗಡಿಯ ರೋಗದ ಸ್ವಭಾವವೂ ಇಂಥದೇ. ಆದರೆ ತೊಗರಿಗೆ ವಾರಗಳು ಹಿಡಿಯುವ ಕೆಲಸವನ್ನು ಅದು ದಿನಗಳಲ್ಲಿ ಮುಗಿಸುವದು.

ಸೀಗಡಿಯು ಮೀನಲ್ಲ. ಏಡಿಯ ಬಳಗಕ್ಕೆ ಸೇರಿದ, ಎಲುಬಿಲ್ಲದ, ಮೈಮೇಲೆ ಚಿಪ್ಪುಳ್ಳ ಪ್ರಾಣಿಯದು. ಬೆಳೆದಂತೆಲ್ಲ ಹಳೆಯ ಚಿಪ್ಪನ್ನು ಕಳಚಿ ಹೊಸದನ್ನು ತೊಡುವದು. ನಮ್ಮ ಪೇಟೆಯಲ್ಲಿ ಇದನ್ನು ಝಿಂಗಾ ಎಂದೂ, ಉತ್ತರ ಕನ್ನಡದಲ್ಲಿ ಶೆಟ್ಲಿ ಎಂದೂ ಕರೆಯುವರು. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆಯು ಸಮುದ್ರವನ್ನು ಕೂಡುವೆಡೆಯಲ್ಲಿ ಗಜನಿ ಎಂಬ ತಗ್ಗಿನ ಹೊಲಗಳುಂಟು. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ತುಂಬಿದಾಗ ಅಲ್ಲಿಯ ಒಕ್ಕಲಿಗರು ಉಪ್ಪನ್ನು ತಾಳಬಲ್ಲ ಕಗ್ಗ ಎಂಬ ಭತ್ತವನ್ನು ಬೆಳೆಯುವರು. ಕೊಯ್ಲಾದ ಮೇಲೆ ಕಟ್ಟೆಯ ಹಲಗೆಬಾಗಿಲನ್ನೆತ್ತಿ ಭರತದ ಉಪ್ಪುನೀರನ್ನು ಒಳಗೆ ಬಿಡುವರು. ನೀರಿನೊಡನೆ ಮೀನಿನ ಮರಿಗಳೂ ಸೀಗಡಿಯ ಮರಿಗಳೂ ತಾವಾಗಿಯೇ ಬರುವವು. ಕೊಳೆತ ಕೂಳೆಯೇ ಅವುಗಳಿಗೆ ಆಹಾರ. ಅವುಗಳ ಕಸವೇ ಮುಂದಿನ ಕಗ್ಗಕ್ಕೆ ಗೊಬ್ಬರ. ಖರ್ಚಿಲ್ಲದ ಬೇಸಾಯ, ಕಡಿಮೆ ಲಾಭ, ಕಡಿಮೆ ಭಯ. ಅಘನಾಶಿನಿಯ ಈ ಅಳಿವೆಯನ್ನು 2024ರಲ್ಲಿ ರಾಮಸರ್ ಒಪ್ಪಂದದ ಜೌಗು ಪ್ರದೇಶಗಳ ಪಟ್ಟಿಯಲ್ಲಿ ಸೇರಿಸಲಾಯಿತು.

1990ರ ಸುಮಾರಿಗೆ ಪರದೇಶಗಳಲ್ಲಿ ಹುಲಿ ಸೀಗಡಿಗೆ ಬಹಳ ಬೆಲೆ ಬಂದಿತು. ಆಂಧ್ರ, ತಮಿಳುನಾಡುಗಳ ಕರಾವಳಿಯಂತೆಯೇ ನಮ್ಮ ಗಜನಿಗಳಲ್ಲಿಯೂ ಕೊಳ ತೋಡಿ, ಮೊಟ್ಟೆಮನೆಗಳಿಂದ ಮರಿ ತಂದು, ಕೊಂಡ ಮೇವನ್ನು ಹಾಕಿ ಬೆಳೆಸುವ ಪದ್ಧತಿ ಪ್ರಾರಂಭವಾಯಿತು. ನಾಲ್ಕು ತಿಂಗಳಿಗೆ ಒಂದು ಬೆಳೆ. ಇದರ ಖರ್ಚಿನಲ್ಲಿ ಅರ್ಧಕ್ಕಿಂತಲೂ ಹೆಚ್ಚು ಮೇವಿನದೇ ಆಗಿರುವದು. ಆ ಮೇವನ್ನು ಸಣ್ಣ ಸಾಕಣೆಗಾರನು ವ್ಯಾಪಾರಿಯಿಂದ ಉದ್ದರಿ ತರುವನು, ಬೆಳೆಯನ್ನು ಅದೇ ವ್ಯಾಪಾರಿಗೆ ಅವನು ಹೇಳಿದ ದರಕ್ಕೆ ಕೊಡುವನು.

ಅಷ್ಟರಲ್ಲಿ ರೋಗ ಬಂದಿತು. ಬಿಳಿಚುಕ್ಕೆ ರೋಗವೆಂದು ಅದರ ಹೆಸರು. 1992ರ ಹೊತ್ತಿಗೆ ಪೂರ್ವ ಏಶಿಯದಲ್ಲಿ ಕಾಣಿಸಿಕೊಂಡ ಈ ವೈರಸು 1994-95ರಲ್ಲಿ ಹಿಂದುಸ್ಥಾನದ ಕರಾವಳಿಗೆ ತಲುಪಿತು. ಮೊದಲು ಸೀಗಡಿಗಳು ಮೇವನ್ನು ಬಿಡುವವು. ಬಳಿಕ ನೀರಿನ ಮೇಲಕ್ಕೂ ದಂಡೆಗೂ ಬಂದು ಜಡವಾಗಿ ತೇಲುವವು. ಮೈ ಕೆಂಪಾಗುವದು, ಬೆನ್ನಚಿಪ್ಪಿನ ಮೇಲೆ ಸಾಸಿವೆಯಷ್ಟರ ಬಿಳಿಯ ಚುಕ್ಕೆಗಳು ಮೂಡುವವು. ಮೂರರಿಂದ ಹತ್ತು ದಿನಗಳಲ್ಲಿ ಕೊಳಕ್ಕೆ ಕೊಳವೇ ಸತ್ತು ಬರಿದಾಗಬಹುದು. ಇದು ಮನುಷ್ಯರಿಗೆ ಹತ್ತುವ ರೋಗವಲ್ಲವೆಂಬದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಶಿಕ್ಷಕಿಯರ ತರಬೇತಿಯಲ್ಲಿ ನನ್ನ ಜೊತೆಗಿದ್ದ ಗೆಳತಿಯೊಬ್ಬಳು ಕುಮಟೆಯ ಕಡೆಯವಳು. ಅವಳು ಶಾಲೆಯ ಹುಡುಗಿಯಾಗಿದ್ದಾಗ ಅವಳ ತಂದೆಯವರು ಸಾಲ ತೆಗೆದು ಒಂದು ಕೊಳದಲ್ಲಿ ಹುಲಿ ಸೀಗಡಿಯನ್ನು ಸಾಕಿದ್ದರಂತೆ. ಒಂದು ರಾತ್ರಿ ಮನೆಯವರೆಲ್ಲರನ್ನೂ ಎಬ್ಬಿಸಿ ಕಂದೀಲು ಹಿಡಿದು ಬಲೆ ಎಳೆದರು. ಸತ್ತವು ಹೆಚ್ಚು, ಬದುಕಿದವು ಬೆರಳಿನಷ್ಟೂ ಬೆಳೆದಿರದಂಥವು. ಬೆಳಗಾದಾಗ ಬಂದ ವ್ಯಾಪಾರಿ ಬುಟ್ಟಿಯನ್ನು ನೋಡಿ, ಬೆಲೆ ಹೇಳದೆಯೇ ಹೊರಟುಹೋದನು. "ಅಪ್ಪ ಆ ಕಟ್ಟೆಯ ಮೇಲೆ ಮಧ್ಯಾಹ್ನದ ತನಕ ಕೂತೇ ಇದ್ದ" ಎಂದು ಅವಳು ಹೇಳಿದ್ದು ನನಗೆ ಇನ್ನೂ ನೆನಪಿದೆ. ಆ ವರ್ಷ ಅವಳ ಅಕ್ಕನ ಓದು ನಿಂತಿತು. ರೋಗ ಬಂದದ್ದು ಸೀಗಡಿಗೆ, ಶಾಲೆ ಬಿಟ್ಟವಳು ಹುಡುಗಿ. ಕಲಬುರಗಿಯಲ್ಲಿಯೂ ನಾನು ಹಾಜರಿಪಟ್ಟಿಯಲ್ಲಿ ಇದನ್ನೇ ನೋಡಿದ್ದೇನೆ.

ಔಷಧ ಕೊಡಬಾರದೇಕೆ ಎಂದು ಕೇಳುವಿರಿ. ನಮಗೆ ಒಮ್ಮೆ ದೇವಿ ಹಾಕಿದರೆ ನಮ್ಮ ರಕ್ತವು ಆ ರೋಗವನ್ನು ಗುರುತಿಟ್ಟುಕೊಳ್ಳುವದು. ಸೀಗಡಿಯ ಶರೀರದಲ್ಲಿ ಅಂಥ ನೆನಪಿನ ಏರ್ಪಾಡಿಲ್ಲ. ಆದುದರಿಂದ ನಮಗಿರುವಂಥ ಲಸಿಕೆ ಅದಕ್ಕಿಲ್ಲ. ವೈರಸನ್ನು ಕೊಲ್ಲುವ ಮದ್ದೂ ಇಲ್ಲ. ಎದೆಗುಂದಿದ ಸಾಕಣೆಗಾರರು ಅಂಗಡಿಯವನ ಮಾತು ಕೇಳಿ ಕೊಳಕ್ಕೆ ಆಂಟಿಬಯೋಟಿಕ್ ಸುರಿಯುವದುಂಟು. ಅದು ಬ್ಯಾಕ್ಟೀರಿಯಾಗಳಿಗೆ ತಕ್ಕದ್ದೇ ಹೊರತು ವೈರಸಿಗೆ ಏನೂ ಮಾಡದು. ಅದರ ಅಂಶ ಮಾಂಸದಲ್ಲಿ ಉಳಿದರೆ ಯುರೋಪು, ಅಮೇರಿಕಗಳವರು ಸರಕನ್ನು ತಿರಸ್ಕರಿಸುವರು. ಹೀಗೆ ಬಡವನು ನಿರುಪಯೋಗಿಯಾದ ಮದ್ದಿಗೆ ಒಮ್ಮೆ, ಅದರ ದೋಷಕ್ಕೆ ಇನ್ನೊಮ್ಮೆ ಹಣ ತೆರುವನು.

ದೊಡ್ಡ ಕಂಪನಿಯ ಕೊಳಕ್ಕೂ ರೋಗ ಬರುವದು. ಆದರೆ ಅವರಿಗೆ ಮರಿಗಳನ್ನು ಪಿ.ಸಿ.ಆರ್. ಪರೀಕ್ಷೆ ಮಾಡಿಸಿ ತರುವ ಶಕ್ತಿಯುಂಟು, ನೀರನ್ನು ಶುದ್ಧಮಾಡಿ ಇಡಲು ಬೇರೆ ಕೊಳವುಂಟು, ಏಡಿ ನುಸುಳದಂತೆ ಸುತ್ತ ಬಲೆಯ ಬೇಲಿಯುಂಟು. ಏಡಿಯೂ ಕಾಡು ಸೀಗಡಿಯೂ ತಾವು ಸಾಯದೆಯೇ ಈ ವೈರಸನ್ನು ಹೊತ್ತು ತಿರುಗಬಲ್ಲವು. ಸಣ್ಣವನಿಗೆ ಇರುವದು ಒಂದೇ ಕೊಳ, ಒಂದೇ ಕಾಲುವೆ. ಒಬ್ಬನು ಬಿಟ್ಟ ನೀರೇ ಮುಂದಿನವನಿಗೆ ಒಳಗೆ ಬರುವ ನೀರು. ರೋಗ ಬಂದ ಕೊಳದ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿ ಕೆಲವು ದಿನ ತಡೆದಿಟ್ಟು ಬಳಿಕ ಬಿಡಬೇಕು. ಆದರೆ ಎಲ್ಲವನ್ನೂ ಕಳಕೊಂಡವನು ಇನ್ನೂ ಖರ್ಚು ಮಾಡಿ ನೆರೆಯವನನ್ನು ಕಾಯುವನೇ? ರಾತ್ರಿ ಹಲಗೆಯನ್ನೆತ್ತಿಬಿಡುವನು. ಅವನನ್ನು ದೂಷಿಸಲು ನನಗೆ ಬಾಯಿ ಬರುವದಿಲ್ಲವಾದರೂ ಮರುವಾರ ನೆರೆಯವನ ಕೊಳ ಸಾಯುವದೇನೋ ನಿಜ.

ಕೊಳವಿಲ್ಲದ ಬೆಸ್ತರಿಗೂ ಇದರ ಪೆಟ್ಟು ತಪ್ಪಲಿಲ್ಲ. ಮೊದಲು ಗಜನಿಯ ಬದಿಯ ನೀರಿನಲ್ಲಿ ಬಲೆ ಬೀಸಿ ಸಂಜೆಯ ಸಾರಿಗೆ ಮೀನು ಹಿಡಿಯುತ್ತಿದ್ದವರಿಗೆ, ಕೊಳಗಳಾದ ಮೇಲೆ ಕಾವಲುಗಾರರು ಅಡ್ಡಬಂದರು. ಸುಂದರಬನದ ಹೊಳೆಗಳಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಹುಲಿ ಸೀಗಡಿಯ ಮರಿಗಳನ್ನು ಹಿಡಿದು ಮಾರುವ ಬಡ ಹೆಂಗಸರೂ ಮಕ್ಕಳೂ ಉಂಟು. ಕಾಡು ಮರಿಗಳಲ್ಲಿ ರೋಗವಿರಬಹುದೆಂಬ ಅಂಜಿಕೆ ಹುಟ್ಟಿದರೆ ಆ ಕಾಸಿಗೂ ಸಂಚಕಾರ. ಕೊಳ ಸತ್ತರೆ ಮೇವು ಹಾಕುವವನ ಕೂಲಿ, ಸಿಪ್ಪೆ ಸುಲಿಯುವ ಹೆಂಗಸರ ಕೂಲಿ, ಎಲ್ಲವೂ ಅದರೊಡನೆಯೇ ನಿಲ್ಲುವವು.

ತಮಿಳುನಾಡಿನ ಸರ್ವೋದಯ ಸೇವಕರಾದ ಎಸ್. ಜಗನ್ನಾಥನ್‌ರವರು ಸೀಗಡಿ ಕೊಳಗಳಿಂದ ಹೊಲಗಳೂ ಕುಡಿಯುವ ನೀರೂ ಉಪ್ಪಾಗುತ್ತಿರುವವೆಂದು ದೂರಿದುದರ ಮೇಲೆ, 1996ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ಕರಾವಳಿಯ ನಿಯಂತ್ರಿತ ಪಟ್ಟಿಯೊಳಗಿನ ಕೊಳಗಳನ್ನು ತೆಗೆದುಹಾಕಬೇಕೆಂದೂ, ಗಜನಿಯಂಥ ಪಾರಂಪರಿಕ ಪದ್ಧತಿಗೆ ವಿನಾಯತಿ ಇರಬೇಕೆಂದೂ ತೀರ್ಪಿತ್ತಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯದೆಯಾಯಿತು. 2009ರಿಂದ ಹುಲಿ ಸೀಗಡಿಯ ಬದಲಾಗಿ, ರೋಗವಿಲ್ಲದ ತಾಯಿಗಳಿಂದ ಪಡೆದ ವನಾಮಿ ಎಂಬ ಅಮೇರಿಕದ ಜಾತಿಯನ್ನು ಸಾಕುವ ರೂಢಿ ಬಂದಿತು. ಈಗ ಹರಿಯಾಣ, ಪಂಜಾಬಗಳ ಸವಳು ನೆಲದಲ್ಲಿಯೂ ಇದನ್ನು ಬೆಳೆಯುತ್ತಿದ್ದಾರೆ! ಆದರೆ ರೋಗವಿಲ್ಲದ ಮರಿಯೆಂದರೆ ರೋಗವೇ ಹತ್ತದ ಮರಿಯಲ್ಲ. ಬಿಳಿಚುಕ್ಕೆಯು ವನಾಮಿಗೂ ಬಂದಿತು, ಅದರೊಡನೆ ಇ.ಎಚ್.ಪಿ. ಎಂಬ ಇನ್ನೊಂದು ಸೂಕ್ಷ್ಮಜೀವಿಯೂ ಸೇರಿತು. ಇದು ಸೀಗಡಿಯನ್ನು ಒಮ್ಮೆಲೇ ಕೊಲ್ಲದೆ, ತಿಂದದ್ದು ಮೈಗೆ ಹತ್ತದಂತೆ ಮಾಡುವದು. ಸಾಕಣೆಗಾರನು ದಿನಾಲು ಮೇವು ಹಾಕುತ್ತಲೇ ಇರುವನು, ಸೀಗಡಿ ಬೆಳೆಯುವದೇ ಇಲ್ಲ. ನನ್ನ ಮಟ್ಟಿಗೆ ಇದು ಹೆಚ್ಚು ಮೋಸದ ರೋಗ.

ಇನ್ನು ತಡೆಯುವ ಬಗೆ. ಬೆಳೆ ತೆಗೆದ ಬಳಿಕ ಕೊಳವನ್ನು ನೆಲ ಬಿರಿಯುವವರೆಗೆ ಒಣಗಿಸುವದು, ತಳದ ಕಪ್ಪು ಕೆಸರನ್ನು ತೆಗೆಯುವದು, ಪರೀಕ್ಷಿಸಿದ ಮರಿಯನ್ನೇ ತರುವದು, ಮರಿಗಳನ್ನು ಒತ್ತಾಗಿ ಬಿಡದಿರುವದು. ವನಾಮಿಯನ್ನು ಒಂದು ಚದರ ಮೀಟರಿಗೆ 60ರವರೆಗೆ ಬಿಡಲು ಪ್ರಾಧಿಕಾರದ ನಿಯಮವು ಒಪ್ಪಿದ್ದುಂಟು. ಸಣ್ಣವನು ಆ ಅಂಚಿಗೆ ಹೋಗದಿರುವದು ಲೇಸು. ಒಂದು ಕಾಲುವೆಯ ಸಾಕಣೆಗಾರರೆಲ್ಲರೂ ಸಂಘ ಕಟ್ಟಿ, ಒಂದೇ ವಾರದಲ್ಲಿ ಮರಿ ಬಿಟ್ಟು, ರೋಗ ಬಂದರೆ ಮುಚ್ಚಿಡದೆ ಒಬ್ಬರಿಗೊಬ್ಬರು ತಿಳಿಸಿದರೆ ಬಹಳ ಉಪಯೋಗ. 2007ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸುಸ್ಥಿರ ಜಲಕೃಷಿ ಕೇಂದ್ರವು ಇಂಥ ಸಂಘಗಳನ್ನು ಕಟ್ಟಿಸುವದಕ್ಕಾಗಿಯೇ ಇರುವದು. 2024ರಲ್ಲಿ ಕೇಂದ್ರ ಸರಕಾರವು ಒಪ್ಪಿದ ಮತ್ಸ್ಯ ಯೋಜನೆಯಲ್ಲಿ ಜಲಕೃಷಿಯ ವಿಮೆಗೂ ಸಹಾಯವನ್ನು ಸೇರಿಸಿದ್ದಾರೆ.

ಗಜನಿಯ ಹಳಬರು ಈ ಪುಸ್ತಕಗಳೊಂದನ್ನೂ ಓದಿರಲಿಲ್ಲ. ಆದರೆ ವರ್ಷದಲ್ಲಿ ಕೆಲವು ತಿಂಗಳು ಉಪ್ಪುನೀರನ್ನು ಹೊರಹಾಕಿ ಅಲ್ಲಿ ಭತ್ತವನ್ನೇ ಬೆಳೆಯುತ್ತಿದ್ದುದರಿಂದ ಸೀಗಡಿಯ ರೋಗಕ್ಕೆ ಆ ನೆಲದಲ್ಲಿ ಮನೆ ಮಾಡಲು ಅವಕಾಶ ಸಿಗುತ್ತಿರಲಿಲ್ಲ. ಇದನ್ನು ನಾನು ಕಮಲಾಪುರದ ಆ ಹುಡುಗಿಗೆ ಮೊನ್ನೆ ವಿವರಿಸಿದಾಗ ಅವಳು ತುಸು ಹೊತ್ತು ಸುಮ್ಮನಿದ್ದು, "ನಮ್ಮಪ್ಪನೂ ಈ ವರ್ಷ ತೊಗರಿ ಹೊಲಕ್ಕ ಜ್ವಾಳ ಹಾಕ್ಯಾನ್ರಿ" ಎಂದಳು.